ರಿಡೀಮ್ ಕೋಡ್: ಎಲ್ಲಿ ಸಿಗುತ್ತದೆ, ಎಲ್ಲಿ ಹಾಕಬೇಕು, ಯಾಕೆ ‘ಇನ್‌ವ್ಯಾಲಿಡ್’ ಅನ್ನುತ್ತದೆ

ದಿನಾ ಬೆಳಿಗ್ಗೆ ವಾಟ್ಸಾಪ್ ಗ್ರೂಪ್‌ಗಳಿಗೆ ‘ಇವತ್ತಿನ ರಿಡೀಮ್ ಕೋಡ್’ ಅಂತ ಒಂದು ಉದ್ದನೆಯ ಪಟ್ಟಿ ಬಂದು ಬೀಳುತ್ತದೆ. ಸರಿಯಾದ ಜಾಗಕ್ಕೆ ಹಾಕಿದರೆ ಮೊಬೈಲ್, ಕಂಪ್ಯೂಟರ್ ಆಟದಲ್ಲಿ ಬಹುಮಾನ ಕೊಡುವ ಅಕ್ಷರ, ಅಂಕಿಗಳ ಸಾಲು ಅದು. ಸಿರಾದಿಂದ ಕುಣಿಗಲ್‌ವರೆಗೆ ಹಾಸ್ಟೆಲ್ ಹುಡುಗರು, ಅಂಗಡಿ ಬಾಗಿಲು ತೆಗೆದು ಗಿರಾಕಿಗೆ ಕಾಯುತ್ತಾ ಕೂತವರು, ಎಲ್ಲರೂ ಅದನ್ನು ಒಂದೊಂದಾಗಿ ಹಾಕಿ ನೋಡುತ್ತಾರೆ. ಇಪ್ಪತ್ತಕ್ಕೆ ಇಪ್ಪತ್ತೂ ‘ಇನ್‌ವ್ಯಾಲಿಡ್’. ಆಮೇಲೆ ಆಟದ ಕಂಪನಿಗೆ ನಾಲ್ಕು ಬೈಗುಳ ಬೈದು ಫೋನ್ ಕೆಳಗಿಡುತ್ತಾರೆ.

ಕೋಡ್ ಅಂದರೆ ಹುಡುಕಿ ತೆಗೆಯುವ ನಿಧಿಯಲ್ಲ, ಕಂಪನಿ ತಾನಾಗಿ ಹಂಚುವ ಪ್ರಚಾರದ ಸಾಮಾನು. ಯಾರಿಗೆ, ಯಾವ ದೇಶದವರಿಗೆ, ಎಷ್ಟು ಜನಕ್ಕೆ, ಎಷ್ಟು ಹೊತ್ತಿನವರೆಗೆ ಅನ್ನುವುದೆಲ್ಲ ಕೋಡ್ ಹುಟ್ಟುವಾಗಲೇ ಸರ್ವರಿನಲ್ಲಿ ಬರೆದಾಗಿರುತ್ತದೆ. ಇದು ಗೊತ್ತಿದ್ದರೆ ದಿನಕ್ಕೆ ಐದು ನಿಮಿಷ ಸಾಕು. ಗೊತ್ತಿಲ್ಲದಿದ್ದರೆ ಅರ್ಧ ದಿನವೂ ಸಾಲದು.

ಯಾವ ಕೋಡ್, ಯಾವ ಬಾಗಿಲು

ಮೊದಲ ಎಡವಟ್ಟು ಇಲ್ಲೇ ಆಗುವುದು. ಫ್ರೀ ಫೈರ್ ಆಟದ ಕೋಡ್ ತಗೊಂಡು ಪ್ಲೇ ಸ್ಟೋರಿನ ರಿಡೀಮ್ ಪೆಟ್ಟಿಗೆಗೆ ಹಾಕುವವರು ಬಹಳ ಜನ. ಎರಡು ಕಡೆಯೂ ‘ರಿಡೀಮ್’ ಅಂತಲೇ ಬರೆದಿರುವುದರಿಂದ ಗೊಂದಲ ಆಗುವುದು ಸಹಜ, ಆದರೆ ಅವು ಬೇರೆ ಬೇರೆ ಅಂಗಡಿಗಳು.

ಪ್ಲೇ ಸ್ಟೋರಿನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ ಒಳಗೆ ಹೋದರೆ ಸಿಗುವ ಪೆಟ್ಟಿಗೆಗೆ ಹೋಗಬೇಕಾದ್ದು ಗೂಗಲ್ ಪ್ಲೇ ಗಿಫ್ಟ್ ಕೋಡ್, ಇಲ್ಲವೇ ಆಟದ ಡೆವಲಪರ್ ಪ್ಲೇ ಸ್ಟೋರ್ ಮೂಲಕವೇ ಕೊಟ್ಟ ಪ್ರೊಮೊ ಕೋಡ್. ಗಿಫ್ಟ್ ಕೋಡ್ ಹಾಕಿದರೆ ರೂಪಾಯಿ ಬ್ಯಾಲೆನ್ಸ್ ಬರುತ್ತದೆ. ಅದು ಖಾತೆಯ ದೇಶಕ್ಕೆ ಅಂಟಿಕೊಂಡಿರುತ್ತದೆ. ಗಲ್ಫ್‌ನಲ್ಲಿರುವ ಸಂಬಂಧಿಕರು ಅಲ್ಲಿ ಕೊಂಡು ಕಳಿಸಿದ ಕಾರ್ಡ್ ನಮ್ಮ ಭಾರತದ ಖಾತೆಗೆ ಹತ್ತುವುದಿಲ್ಲ. ದೇಶ ಬದಲಾಯಿಸಿಕೊಳ್ಳೋಣ ಅಂದರೆ ವರ್ಷಕ್ಕೆ ಒಂದೇ ಸಲ ಅವಕಾಶ, ಹಳೆಯ ದೇಶದ ಬ್ಯಾಲೆನ್ಸ್ ಹೊಸದರಲ್ಲಿ ನಡೆಯುವುದೂ ಇಲ್ಲ.

ಆಟದ ಕಂಪನಿಯ ಕೋಡ್‌ಗೆ ಕಂಪನಿಯದ್ದೇ ವೆಬ್ ಪುಟ ಇರುತ್ತದೆ. ಫ್ರೀ ಫೈರ್, ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ), ಗೆನ್‌ಶಿನ್ ಇಂಪ್ಯಾಕ್ಟ್ ಆಟಗಳೆಲ್ಲ ಈ ಜಾತಿಯವು. ಮೂರನೆಯದು ಆಟದೊಳಗೇ ಇರುವ ‘ಕೋಡ್ಸ್’ ಗುಂಡಿಯಲ್ಲಿ ಹಾಕುವಂಥದ್ದು, ರೋಬ್ಲಾಕ್ಸ್ ಆಟಗಳಲ್ಲಿ ಇದೇ ರೂಢಿ. ಕಂಪ್ಯೂಟರ್ ಮತ್ತು ಕನ್ಸೋಲಿನ ಕೀಗಳನ್ನು ಉದ್ದದಿಂದಲೇ ಗುರುತಿಸಬಹುದು: ಐದೈದು ಅಕ್ಷರದ ಮೂರು ಗುಂಪು ಇದ್ದರೆ ಸಾಮಾನ್ಯವಾಗಿ ಸ್ಟೀಮ್, ನಾಲ್ಕು ನಾಲ್ಕರ ಮೂರು ಗುಂಪಾದರೆ ಪ್ಲೇಸ್ಟೇಷನ್, 25 ಅಕ್ಷರ ಇದ್ದರೆ ಎಕ್ಸ್‌ಬಾಕ್ಸ್.

ಇನ್ನೊಂದಿದೆ, ಹೆಸರಿಗೆ ಮಾತ್ರ ಕೋಡ್. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಥರದ ಆಟಗಳಲ್ಲಿ ಯೂಟ್ಯೂಬರ್‌ಗಳು ‘ನನ್ನ ಕೋಡ್ ಹಾಕಿ’ ಅನ್ನುತ್ತಾರಲ್ಲ, ಆ ಕ್ರಿಯೇಟರ್ ಕೋಡ್‌ನಿಂದ ನಿಮಗೆ ಬರುವುದೇನಿಲ್ಲ. ನೀವು ದುಡ್ಡು ಕೊಟ್ಟು ಏನಾದರೂ ಕೊಂಡರೆ ಅದರಲ್ಲಿ ಒಂದು ಪಾಲು ಆ ಯೂಟ್ಯೂಬರ್‌ಗೆ ಹೋಗುತ್ತದೆ. ಏಳು ದಿನಕ್ಕೆ ತಾನಾಗಿ ಬಿದ್ದುಹೋಗುತ್ತದೆ. ಇಷ್ಟದವರಿಗೆ ಹಾಕಿ, ತಪ್ಪೇನಿಲ್ಲ. ಬಹುಮಾನಕ್ಕೆ ಮಾತ್ರ ಕಾಯಬೇಡಿ.

ಕೋಡ್ ಬರುವ ಹೊತ್ತು

‘ಇವತ್ತಿನ ಕೋಡ್’ ಲೇಖನಗಳ ಬಗ್ಗೆ ನೇರವಾಗಿ ಹೇಳಬೇಕು. ಅವುಗಳಲ್ಲಿ ಬಹುಪಾಲು ನಿನ್ನೆಯ ಪಟ್ಟಿಗೆ ಇವತ್ತಿನ ದಿನಾಂಕ ಹಚ್ಚಿದ್ದು. ಪರೀಕ್ಷೆ ಸುಲಭ. ಪಟ್ಟಿಯ ಮಧ್ಯದಿಂದ ಯಾವುದಾದರೂ ಒಂದು ಕೋಡ್ ಕಾಪಿ ಮಾಡಿ, ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಅದೇ ಕೋಡ್ ಹೋದ ತಿಂಗಳ, ಹೋದ ವರ್ಷದ ಪುಟಗಳಲ್ಲೂ ಕಂಡರೆ ಆ ಪಟ್ಟಿಯನ್ನು ಅಲ್ಲೇ ಬಿಡಿ. ಹಾಕಿಯೇ ನೋಡುವುದಾದರೆ ಮೂರು ಕೋಡ್ ಹಾಕಿ ನೋಡಿ, ಮೂರೂ ಸತ್ತಿದ್ದರೆ ಉಳಿದ ಹದಿನೇಳರಲ್ಲಿ ಜೀವ ಇರುವ ಸಂಭವ ತೀರಾ ಕಡಿಮೆ.

ಕೋಡ್ ಹುಟ್ಟುವ ಜಾಗಗಳು ಕೆಲವೇ: ಆಟದೊಳಗಿನ ನ್ಯೂಸ್ ಮತ್ತು ಈವೆಂಟ್ ಪುಟ, ಕಂಪನಿಯ ಅಧಿಕೃತ ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಡಿಸ್ಕಾರ್ಡ್. ದೊಡ್ಡ ಟೂರ್ನಮೆಂಟ್ ನೇರಪ್ರಸಾರ, ಹೊಸ ಅಪ್‌ಡೇಟ್ ಬರುವ ಮುನ್ನಾದಿನಗಳು, ಆಟದ ಹುಟ್ಟುಹಬ್ಬ, ದೀಪಾವಳಿ, ಹೋಳಿ. ಈ ಹೊತ್ತುಗಳಲ್ಲಿ ಕಣ್ಣಿಟ್ಟರೆ ಸಾಕು, ಮಿಕ್ಕ ದಿನ ಹುಡುಕಿ ಪ್ರಯೋಜನವಿಲ್ಲ. ಆಡುವ ಒಂದೆರಡು ಆಟಗಳ ಅಧಿಕೃತ ಖಾತೆ ಫಾಲೋ ಮಾಡಿ, ನೋಟಿಫಿಕೇಷನ್ ಆನ್ ಮಾಡಿಡಿ. ಹತ್ತು ಕೋಡ್ ಚಾನೆಲ್ ಸೇರುವುದಕ್ಕಿಂತ ಇದು ಮೇಲು.

ಗಡಿಯಾರದ ಲೆಕ್ಕವನ್ನೂ ಕಲಿತುಬಿಡಿ, ಇಲ್ಲದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಅವಧಿಯನ್ನು ‘ಯುಟಿಸಿ’ಯಲ್ಲಿ, ಅಂದರೆ ಅಂತರರಾಷ್ಟ್ರೀಯ ಸಮಯದಲ್ಲಿ, ಹೇಳಿದ್ದರೆ ಐದೂವರೆ ಗಂಟೆ ಕೂಡಿಸಿ: ಯುಟಿಸಿ ಮಧ್ಯರಾತ್ರಿ ಅಂದರೆ ನಮಗೆ ಬೆಳಿಗ್ಗೆ 5.30. ‘ಯುಟಿಸಿ ಪ್ಲಸ್ 8’ ಅಂತಿದ್ದರೆ, ಚೀನಾ ಕಡೆಯ ಕಂಪನಿಗಳು ಹೀಗೆ ಬರೆಯುತ್ತವೆ, ಎರಡೂವರೆ ಗಂಟೆ ಕಳೆಯಿರಿ: ಅಲ್ಲಿಯ ಮಧ್ಯಾಹ್ನ 12 ನಮ್ಮ ಬೆಳಿಗ್ಗೆ 9.30. ‘ನಾಳೆ ಮಧ್ಯಾಹ್ನದವರೆಗೆ ಇದೆ’ ಅಂತ ಕಾಲೇಜು ಮುಗಿಸಿ ಬಂದು ಹಾಕುವವರು ಸೋಲುವುದು ಇಲ್ಲೇ.

ಫ್ರೀ ಫೈರ್ ಮ್ಯಾಕ್ಸ್

ಗರೇನಾ ಕಂಪನಿಯ ಮೂಲ ಫ್ರೀ ಫೈರ್ ಆಟವನ್ನು ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿತು. ನಮ್ಮಲ್ಲಿ ಆಡುವುದು 2021ರ ಸೆಪ್ಟೆಂಬರ್‌ನಲ್ಲಿ ಬಂದ ಫ್ರೀ ಫೈರ್ ಮ್ಯಾಕ್ಸ್. ಇದರ ಕೋಡ್ 12 ಇಲ್ಲವೇ 16 ಅಕ್ಷರದ್ದು, ಎಲ್ಲ ದೊಡ್ಡಕ್ಷರ ಮತ್ತು ಅಂಕಿ. 11 ಇದ್ದರೆ, 13 ಇದ್ದರೆ, ನಡುವೆ ಸಣ್ಣಕ್ಷರ ಇದ್ದರೆ ಹಾಕುವ ಮೊದಲೇ ಎಣಿಸಿ ಬಿಟ್ಟುಬಿಡಿ.

1. ಆಟ ತೆರೆದು ಸೆಟ್ಟಿಂಗ್ಸ್‌ನಲ್ಲಿ ಖಾತೆ ಯಾವುದಕ್ಕೆ ಲಿಂಕ್ ಆಗಿದೆ ನೋಡಿ. ‘ಗೆಸ್ಟ್’ ಅಂತಿದ್ದರೆ ಕೋಡ್ ಹತ್ತುವುದಿಲ್ಲ. ಮೊದಲು ಗೂಗಲ್ ಅಥವಾ ಫೇಸ್‌ಬುಕ್‌ಗೆ ಲಿಂಕ್ ಮಾಡಿ. ಕೋಡ್ ಬೇಡವಾದರೂ ಇದನ್ನು ಮಾಡಿಡಿ, ಫೋನ್ ಕೆಟ್ಟರೆ ಗೆಸ್ಟ್ ಖಾತೆ ಫೋನಿನ ಜತೆಗೇ ಹೋಗುತ್ತದೆ.

2. ಬ್ರೌಸರಿನಲ್ಲಿ ರಿವಾರ್ಡ್ ಡಾಟ್ ಎಫ್‌ಎಫ್ ಡಾಟ್ ಗರೇನಾ ಡಾಟ್ ಕಾಮ್ ಎಂಬ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಟೈಪ್ ಮಾಡಿ. ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಬೇಡಿ.

3. ಆಟಕ್ಕೆ ಯಾವುದು ಲಿಂಕ್ ಆಗಿದೆಯೋ ಅದರಿಂದಲೇ ಲಾಗಿನ್ ಆಗಿ. ಆಟ ಫೇಸ್‌ಬುಕ್‌ನಲ್ಲಿ, ಪುಟದಲ್ಲಿ ಗೂಗಲ್ ಅಂತಾದರೆ ಸರ್ವರಿಗೆ ನೀವು ಬೇರೆಯೇ ಮನುಷ್ಯ. ಮನೆಯಲ್ಲಿ ಒಂದೇ ಫೋನನ್ನು ಅಣ್ಣ ತಮ್ಮ ಇಬ್ಬರೂ ಬಳಸುತ್ತಿದ್ದರೆ ಯಾವ ಜಿಮೇಲ್ ಆರಿಸುತ್ತಿದ್ದೀರಿ ಅಂತ ಎರಡು ಸಲ ನೋಡಿ. ಅಣ್ಣನ ಖಾತೆಗೆ ಹೋದ ಬಂಡಲ್ ತಮ್ಮನಿಗೆ ವಾಪಸ್ ಬರುವುದಿಲ್ಲ, ಜಗಳ ಮಾತ್ರ ಉಳಿಯುತ್ತದೆ.

4. ಕೋಡ್ ಹಾಕಿ ಕನ್ಫರ್ಮ್ ಒತ್ತಿ. ಸರಿಯಿದ್ದರೆ ಏನು ಸಿಕ್ಕಿತು ಅಂತ ಪುಟವೇ ಹೇಳುತ್ತದೆ.

5. ಚಿನ್ನ, ಡೈಮಂಡ್ ಸಿಕ್ಕಿದ್ದರೆ ತಾನಾಗಿ ಜಮಾ ಆಗುತ್ತದೆ. ಬಟ್ಟೆ, ಸ್ಕಿನ್‌ಗಳನ್ನು ಲಾಬಿಯ ವಾಲ್ಟ್‌ನಲ್ಲೂ ಮೇಲ್‌ನಲ್ಲೂ ಹುಡುಕಿ. ತಕ್ಷಣ ಕಾಣದಿದ್ದರೆ ಆಟದಿಂದ ಪೂರ್ತಿ ಹೊರಬಂದು ಮತ್ತೆ ತೆರೆಯಿರಿ, ಒಂದು ದಿನ ಕಾಯಿರಿ. ಆಮೇಲೂ ಇಲ್ಲವೆಂದರೆ ಕಸ್ಟಮರ್ ಸರ್ವೀಸ್‌ಗೆ ಬರೆಯಿರಿ. ಯಶಸ್ವಿ ಎಂಬ ಸಂದೇಶದ ಸ್ಕ್ರೀನ್‌ಶಾಟ್ ಇದ್ದರೆ ಅವರ ಜತೆ ಮಾತು ಚಿಕ್ಕದಾಗುತ್ತದೆ.

ತಮಿಳು, ತೆಲುಗು, ಹಿಂದಿ ಚಾನೆಲ್‌ಗಳಲ್ಲಿ ಬರುವ ಭಾರತದ ಕೋಡ್ ಕನ್ನಡದವರಿಗೂ ನಡೆಯುತ್ತದೆ. ಪಾವಗಡದಲ್ಲಿ ಕೂತು ಆಂಧ್ರದ ಟವರ್ ಹಿಡಿದರೂ, ಸಂಜೆ ಮಧುಗಿರಿಗೆ ಬಂದರೂ ವ್ಯತ್ಯಾಸವಿಲ್ಲ. ನೋಡುವುದು ನೀವಿರುವ ಊರನ್ನಲ್ಲ, ಖಾತೆಯ ಸರ್ವರ್ ಪ್ರದೇಶವನ್ನು. ಆದ್ದರಿಂದಲೇ ಇಂಡೋನೇಷ್ಯಾ, ಬ್ರೆಜಿಲ್ ಚಾನೆಲ್‌ಗಳಿಂದ ಎತ್ತಿ ತಂದ ಕೋಡ್ ಹಾಕಿದಾಗ ‘ನಿಮ್ಮ ಪ್ರದೇಶದಲ್ಲಿ ಬಳಸುವಂತಿಲ್ಲ’ ಅಂತ ಬರುತ್ತದೆ. ವಿಪಿಎನ್ (ನೀವಿರುವ ದೇಶವನ್ನು ಮರೆಮಾಡುವ ಆ್ಯಪ್) ಹಾಕಿದರೂ ಖಾತೆಯ ಪ್ರದೇಶ ಬದಲಾಗುವುದಿಲ್ಲ. ಬಿಟ್ಟಿ ವಿಪಿಎನ್ ಆ್ಯಪ್‌ಗೆ ನಿಮ್ಮ ಇಂಟರ್‌ನೆಟ್ ಓಡಾಟವನ್ನೆಲ್ಲ ಒಪ್ಪಿಸಿದಂತಾಗುತ್ತದೆ, ಅಷ್ಟೇ ಲಾಭ.

ಬಿಜಿಎಂಐ

2021ರ ಜುಲೈನಲ್ಲಿ ಬಂದು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮಾಯವಾಗಿ, 2023ರ ಮೇನಲ್ಲಿ ಮರಳಿದ ಆಟ ಇದು. ಪಬ್‌ಜಿ ಮೊಬೈಲ್ ಹೆಸರಿನಲ್ಲಿ ಹೊರದೇಶದಲ್ಲಿ ಓಡಾಡುವ ಕೋಡ್ ಇದಕ್ಕೆ ನಡೆಯುವುದಿಲ್ಲ, ಎರಡರ ಸರ್ವರ್ ಬೇರೆ. ಆಟ ನಡೆಸುವ ಕ್ರಾಫ್ಟನ್ ಇಂಡಿಯಾ ಕೊಡುವ ಕೋಡ್‌ಗಳನ್ನು ಬಿಜಿಎಂಐನ ಅಧಿಕೃತ ವೆಬ್‌ಸೈಟಿನ ರಿಡೀಮ್ ಪುಟದಲ್ಲಿ ಹಾಕಬೇಕು.

ಆ ಪುಟ ಕೇಳುವುದು ಮೂರೇ: ನಿಮ್ಮ ಕ್ಯಾರೆಕ್ಟರ್ ಐಡಿ, ರಿಡೀಮ್ ಕೋಡ್, ಚಿತ್ರದಲ್ಲಿ ಕಾಣುವ ವೆರಿಫಿಕೇಷನ್ ಅಕ್ಷರಗಳು. ಪಾಸ್‌ವರ್ಡ್ ಕೇಳುವುದಿಲ್ಲ. ಪಾಸ್‌ವರ್ಡ್ ಕೇಳಿದರೆ ಅದು ಆ ಪುಟವೇ ಅಲ್ಲ, ಟ್ಯಾಬ್ ಮುಚ್ಚಿ. ಐಡಿ ಅಂದರೆ ಆಟದೊಳಗೆ ಇಟ್ಟುಕೊಂಡ ಹೆಸರಲ್ಲ, ಪ್ರೊಫೈಲ್ ತೆರೆದರೆ ಕಾಣುವ ಉದ್ದದ ಅಂಕಿ. ಪಕ್ಕದಲ್ಲೇ ಕಾಪಿ ಗುರುತು ಇರುತ್ತದೆ, ಅದನ್ನೇ ಒತ್ತಿ. ಕೈಯಲ್ಲಿ ಬರೆದುಕೊಂಡು ಒಂದು ಅಂಕಿ ತಪ್ಪಿದರೆ ಬಹುಮಾನ ಗುರುತಿಲ್ಲದ ಯಾರೋ ಒಬ್ಬರ ಮೇಲ್ ಪೆಟ್ಟಿಗೆಗೆ ಹೋಗಿ ಬೀಳುತ್ತದೆ, ಅದನ್ನು ಹಿಂದಕ್ಕೆ ಎಳೆಯುವ ದಾರಿಯಿಲ್ಲ.

ಇಲ್ಲಿ ನಿಯಮ ಬಿಗಿ. ಒಂದೊಂದು ಕೋಡನ್ನು ಮೊದಲು ಬಂದ ಇಂತಿಷ್ಟೇ ಮಂದಿಗೆ ಅಂತ ಮೀಸಲಿಡುತ್ತಾರೆ, ಬರೀ 10 ಮಂದಿಗೆ ಅಂತ ಬಿಟ್ಟ ಕೋಡ್‌ಗಳೂ ಇವೆ. ದೇಶವೆಲ್ಲ ಕಾಯುತ್ತಿರುವಾಗ 10 ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆಗ ಬರುವ ಸಂದೇಶ ‘ಮಿತಿ ಮುಗಿದಿದೆ’ ಎಂಬ ಅರ್ಥದ್ದು. ಕೋಡ್ ನಿಜವೇ, ನೀವು ತಡ. ಮಧ್ಯಾಹ್ನ ಪತ್ರಿಕೆಯ ಜಾಲತಾಣದಲ್ಲಿ ನೋಡಿ ಹಾಕಿದರೆ ಸಿಗುವ ಮಾತೇ ಇಲ್ಲ. ಅಧಿಕೃತ ಪೋಸ್ಟ್ ಬಿದ್ದ ಗಳಿಗೆಯಲ್ಲಿ, ಐಡಿ ಮೊದಲೇ ಹಾಕಿಟ್ಟುಕೊಂಡು ಪುಟ ತೆರೆದು ಕೂತಿದ್ದರೆ ಒಂದು ಅವಕಾಶ. ಬಹುಮಾನ ಆಟದ ಮೇಲ್‌ಗೆ ಬರುತ್ತದೆ. ಮೇಲ್‌ಗೂ ಅವಧಿ ಇರುತ್ತದೆ, ತೆರೆದು ಕಲೆಕ್ಟ್ ಒತ್ತದೆ ಬಿಟ್ಟರೆ ಬಂದದ್ದೂ ಹೋಗುತ್ತದೆ. ಗೆಸ್ಟ್ ಖಾತೆಗೆ ಇಲ್ಲೂ ಜಾಗವಿಲ್ಲ.

ರೋಬ್ಲಾಕ್ಸ್‌ನಲ್ಲಿ ಎರಡು ಹಂತ

ಚಿಕ್ಕ ಮಕ್ಕಳು ಹೆಚ್ಚು ಆಡುವುದು ಇದನ್ನೇ, ಗೊಂದಲವೂ ಇಲ್ಲೇ ಹೆಚ್ಚು. ರೋಬ್ಲಾಕ್ಸ್ ಒಂದು ಆಟವಲ್ಲ, ಬೇರೆಯವರು ಮಾಡಿಟ್ಟ ಲಕ್ಷಾಂತರ ಆಟಗಳ ಸಂತೆ. ಸಂತೆ ನಡೆಸುವವರ ಕೋಡ್ ಬೇರೆ, ಒಂದೊಂದು ಅಂಗಡಿಯ ಕೋಡ್ ಬೇರೆ. ಗಿಫ್ಟ್ ಕಾರ್ಡ್, ಆಟಿಕೆ ಜತೆ ಬರುವ ಕೋಡ್, ರೋಬ್ಲಾಕ್ಸ್ ಕಂಪನಿಯೇ ಬಿಡುವ ಪ್ರೊಮೊ ಕೋಡ್ ಇವನ್ನು ರೋಬ್ಲಾಕ್ಸ್ ಡಾಟ್ ಕಾಮ್‌ನ ರಿಡೀಮ್ ಪುಟದಲ್ಲಿ ಹಾಕಬೇಕು. ಆ್ಯಪ್‌ನಲ್ಲಿ ಹುಡುಕುತ್ತಾ ಕೂರಬೇಡಿ, ಕ್ರೋಮ್ ತೆರೆದು ಲಾಗಿನ್ ಆಗಿ. ಪ್ರೊಮೊ ಕೋಡ್‌ನಿಂದ ಸಾಮಾನ್ಯವಾಗಿ ಸಿಗುವುದು ಟೋಪಿ, ಬ್ಯಾಗು, ಹೆಗಲ ಮೇಲೆ ಕೂರುವ ಪ್ರಾಣಿ. ಕೋಡ್‌ನಿಂದ ರೋಬಕ್ಸ್ (ರೋಬ್ಲಾಕ್ಸ್‌ನ ನಾಣ್ಯ) ಬೇಕಿದ್ದರೆ ದುಡ್ಡು ಕೊಟ್ಟ ಗಿಫ್ಟ್ ಕಾರ್ಡೇ ಬೇಕು. ‘ಉಚಿತ ರೋಬಕ್ಸ್ ಕೋಡ್’ ಅಂದವರು ಸುಳ್ಳು ಹೇಳುತ್ತಿದ್ದಾರೆ ಅಂತಲೇ ಇಟ್ಟುಕೊಳ್ಳಿ.

ಬ್ಲಾಕ್ಸ್ ಫ್ರೂಟ್ಸ್‌ನಂಥ ಆಟದ ಕೋಡನ್ನು ಆ ಆಟದ ಒಳಗೇ ಹಾಕಬೇಕು. ಗುಂಡಿ ಎಲ್ಲಿದೆ ಅನ್ನುವುದು ಆಟದಿಂದ ಆಟಕ್ಕೆ ಬೇರೆ. ಉಡುಗೊರೆ ಪೆಟ್ಟಿಗೆಯ ಚಿತ್ರ, ಸೆಟ್ಟಿಂಗ್ಸ್ ಚಕ್ರ, ಶಾಪ್ ಪುಟದ ಅಡಿ, ಹಳೆಯ ಆಟಗಳಲ್ಲಿ ಟ್ವಿಟರ್ ಹಕ್ಕಿ. ಎಲ್ಲೂ ಕಾಣದಿದ್ದರೆ ಮೊದಲ ಪಾಠ ಮುಗಿಸಿ, ಕೆಲವು ಆಟಗಳು ಅದಾದ ಮೇಲೆಯೇ ಗುಂಡಿ ತೋರಿಸುತ್ತವೆ. ಡೆವಲಪರ್‌ನ ಗ್ರೂಪ್ ಸೇರಿದ್ದರೆ ಮಾತ್ರ ನಡೆಯುವ ಕೋಡ್‌ಗಳೂ ಇವೆ.

ಹೊಸ ಕೋಡ್ ಈಗಷ್ಟೇ ಘೋಷಣೆಯಾಗಿದೆ, ಗೆಳೆಯನಿಗೆ ಹತ್ತಿತು, ನಿಮಗೆ ‘ಇನ್‌ವ್ಯಾಲಿಡ್’ ಅಂದರೆ ಕಾರಣ ಹೆಚ್ಚಾಗಿ ಹಳೆಯ ಸರ್ವರ್. ಅಪ್‌ಡೇಟ್ ಬರುವ ಮೊದಲು ಶುರುವಾದ ಸರ್ವರಿನಲ್ಲಿ ನೀವಿನ್ನೂ ಆಡುತ್ತಿದ್ದೀರಿ, ಅದಕ್ಕೆ ಹೊಸ ಕೋಡ್ ಗೊತ್ತೇ ಇಲ್ಲ. ಆಟದಿಂದ ಹೊರಬಂದು ಬೇರೆ ಸರ್ವರಿಗೆ ಸೇರಿ ಅದೇ ಕೋಡ್ ಹಾಕಿ.

ಬುದ್ಧಿ ಖರ್ಚು ಮಾಡಬೇಕಾದ ಜಾಗ ಇನ್ನೊಂದು. ಬ್ಲಾಕ್ಸ್ ಫ್ರೂಟ್ಸ್‌ನ ಬಹಳಷ್ಟು ಕೋಡ್ ಕೊಡುವುದು 20 ನಿಮಿಷದ ಡಬಲ್ ಎಕ್ಸ್‌ಪಿ, ಅಂದರೆ ಅಷ್ಟು ಹೊತ್ತು ಅನುಭವದ ಅಂಕ ಎರಡರಷ್ಟು. ಇಂಥ ಬೂಸ್ಟ್ ಒತ್ತಿದ ಕ್ಷಣದಿಂದ ಓಡಲು ಶುರು, ಕೆಲವು ಆಟಗಳಲ್ಲಿ ನೀವು ಹೊರಗೆ ಬಂದರೂ ಗಡಿಯಾರ ನಿಲ್ಲುವುದಿಲ್ಲ. ಕೋಡ್ ಸಿಕ್ಕ ಖುಷಿಗೆ ಬೆಳಿಗ್ಗೆ ಸ್ಕೂಲ್ ಬಸ್ಸಿನ ಹಾರ್ನ್ ಕೇಳುವಾಗ ಒತ್ತಿ ಓಡಿಹೋದರೆ ಪೂರ್ತಿ ದಂಡ. ಅವಧಿ ಹತ್ತಿರವಿಲ್ಲದಿದ್ದರೆ ಭಾನುವಾರ ಕೂತು ಆಡುವ ಹೊತ್ತಿಗೆ ಎತ್ತಿಡಿ, ಅದೂ ಒಂದಾದ ಮೇಲೆ ಒಂದು. ಸ್ಕಿನ್, ನಾಣ್ಯದ ಕೋಡ್ ಆದರೆ ಮಾತ್ರ ಸಿಕ್ಕ ತಕ್ಷಣ ಹಾಕಿ, ಅವಕ್ಕೆ ಕಾಯಿಸಿ ಸಿಗುವ ಲಾಭ ಏನೂ ಇಲ್ಲ.

ಗೆನ್‌ಶಿನ್ ಮತ್ತು ಅದರ ಬಳಗ

ಕೋಡ್ ಕೊಡುವುದರಲ್ಲಿ ಶಿಸ್ತಿರುವ ಕಂಪನಿ ಗೆನ್‌ಶಿನ್ ಮಾಡುವ ಹೊಯೊವರ್ಸ್. ಸುಮಾರು ಆರು ವಾರಕ್ಕೊಂದು ಹೊಸ ಆವೃತ್ತಿ, ಅದಕ್ಕೆ ಮುಂಚೆ ಒಂದು ನೇರಪ್ರಸಾರ, ಅದರಲ್ಲಿ ಮೂರು ಕೋಡ್. ಮೂರನ್ನೂ ಹಾಕಿದರೆ 300 ಪ್ರೈಮೊಜೆಮ್ (ಆಟದ ನಾಣ್ಯ). ಒಂದು ವಿಶ್‌ಗೆ (ಪಾತ್ರ, ಆಯುಧಕ್ಕೆ ಚೀಟಿ ಎತ್ತುವಂಥದ್ದು) 160 ಬೇಕು, ಅಂದರೆ ಎರಡು ವಿಶ್‌ಗೆ 20 ಕಡಿಮೆ. ಬಿಟ್ಟಿಯಾಗಿ ಆಡುವವರಿಗೆ ಇದು ಸಣ್ಣದಲ್ಲ. ಈ ಮೂರೂ ಬಹಳ ಬೇಗ ಸಾಯುತ್ತವೆ. ನೇರಪ್ರಸಾರದ ದಿನವನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಟ್ಟರೆ ಪೂರ್ತಿ ಕಾರ್ಯಕ್ರಮ ನೋಡುವ ಅಗತ್ಯವೂ ಇಲ್ಲ, ಮುಗಿದ ಮೇಲೆ ಐದು ನಿಮಿಷದ ಕೆಲಸ.

ಅಡ್ವೆಂಚರ್ ರ‍್ಯಾಂಕ್ (ಆಟದಲ್ಲಿ ನಿಮ್ಮ ಮಟ್ಟ) 10 ಮುಟ್ಟದೆ ಕೋಡ್ ನಡೆಯುವುದಿಲ್ಲ. ಸೆಟ್ಟಿಂಗ್ಸ್, ಅಕೌಂಟ್, ರಿಡೀಮ್ ಕೋಡ್ ಅಂತ ಆಟದೊಳಗೇ ಹೋಗಬಹುದು, ಅಥವಾ ಅಧಿಕೃತ ಪುಟದಲ್ಲಿ ಲಾಗಿನ್ ಆಗಿ ನಿಮ್ಮ ಸರ್ವರ್ ಆರಿಸಬಹುದು. ಭಾರತದವರು ಹೆಚ್ಚಾಗಿ ಇರುವುದು ಏಷ್ಯಾ ಸರ್ವರಿನಲ್ಲಿ. ಪುಟದಲ್ಲಿ ತಪ್ಪಿ ಯುರೋಪ್ ಆರಿಸಿದರೆ ಅಲ್ಲಿ ನಿಮ್ಮ ಪಾತ್ರವೇ ಇರುವುದಿಲ್ಲ. ಒಂದಾದ ಮೇಲೆ ಒಂದು ಬೇಗ ಹಾಕಿದರೆ ‘ಕೂಲ್‌ಡೌನ್’ ಅನ್ನುತ್ತದೆ, ಕೆಲವು ಸೆಕೆಂಡು ಬಿಟ್ಟು ಹಾಕಿ.

ಕಂಪ್ಯೂಟರಿನವರಿಗೆ

ಸ್ಟೀಮ್‌ನಲ್ಲಿ ‘ಗೇಮ್ಸ್’ ಮೆನುವಿನ ಕೆಳಗಿರುವ ‘ಆ್ಯಕ್ಟಿವೇಟ್ ಎ ಪ್ರಾಡಕ್ಟ್’ ಅನ್ನುವಲ್ಲಿ ಕೀ ಹಾಕಬೇಕು. ತಪ್ಪು ಕೀಗಳನ್ನು ಸಾಲಾಗಿ ಒತ್ತುತ್ತಾ ಹೋದರೆ ಸುಮಾರು ಒಂದು ಗಂಟೆ ಬಾಗಿಲು ಮುಚ್ಚುತ್ತದೆ, ಆಗ ಸರಿಯಾದ ಕೀ ಹಾಕಿದರೂ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಒಂದು ಖಾತೆಗೆ ಹತ್ತಿದ ಕೀ ಇನ್ನೊಂದಕ್ಕೆ ಹೋಗುವುದಿಲ್ಲ, ಆದ್ದರಿಂದ ತುಮಕೂರಿನ ಎಸ್.ಎಸ್. ಪುರಂ ಕಡೆಯ ಗೇಮಿಂಗ್ ಸೆಂಟರಿನಲ್ಲೋ ಕಾಲೇಜು ಲ್ಯಾಬಿನಲ್ಲೋ ಕೂತು ಹಾಕುವಾಗ ಮೇಲಿನ ಮೂಲೆಯಲ್ಲಿ ಯಾರ ಹೆಸರಿದೆ ನೋಡಿ. ಎದ್ದು ಬರುವಾಗ ಸೈನ್ ಔಟ್ ಆಗಿ.

ಎಪಿಕ್ ಸ್ಟೋರಿನ ಉಚಿತ ಆಟಕ್ಕೆ ಕೋಡೇ ಬೇಡ. ಪ್ರತಿ ಗುರುವಾರ ರಾತ್ರಿ ನಮ್ಮ ಸಮಯ 8.30ಕ್ಕೆ, ಅಮೆರಿಕದ ಚಳಿಗಾಲದಲ್ಲಿ 9.30ಕ್ಕೆ, ಬದಲಾಗುತ್ತದೆ. ಕ್ಲೇಮ್ ಮಾಡುವುದೇ ಬೇರೆ, ಡೌನ್‌ಲೋಡ್ ಮಾಡುವುದೇ ಬೇರೆ. ಬೆಸ್ಕಾಂನವರು ಕರೆಂಟು ತೆಗೆದಿದ್ದರೂ ಮೊಬೈಲ್ ಬ್ರೌಸರಿನಲ್ಲಿ ಲಾಗಿನ್ ಆಗಿ ‘ಗೆಟ್’ ಒತ್ತಿಟ್ಟರೆ ಆಟ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ. ಮುಂದೆ ಕಂಪ್ಯೂಟರ್ ಕೊಂಡಾಗ ಇಳಿಸಿಕೊಳ್ಳಿ. ಸತ್ತ ಕೋಡ್‌ಗಳ ಹಿಂದೆ ಓಡುವುದಕ್ಕಿಂತ ಇದು ಎಷ್ಟೋ ವಾಸಿ.

ಕೋಡ್ ನಿಜ, ಆದರೂ ಹತ್ತುತ್ತಿಲ್ಲ

ಆಗ ಬೆರಳು ಮತ್ತು ಕೀಬೋರ್ಡ್ ಕಡೆ ನೋಡಿ. ವಾಟ್ಸಾಪ್‌ನಲ್ಲಿ ಸಂದೇಶ ಒತ್ತಿ ಹಿಡಿದು ಕಾಪಿ ಮಾಡಿದರೆ ಪೂರ್ತಿ ಪಟ್ಟಿ ಕಾಪಿಯಾಗುತ್ತದೆ. ಅದನ್ನು ನೋಟ್ಸ್‌ಗೆ ಅಂಟಿಸಿ, ಅಲ್ಲಿಂದ ಒಂದು ಕೋಡ್ ಮಾತ್ರ ಆರಿಸಿ ತೆಗೆಯಿರಿ. ಆರಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಸರ್ವರಿಗೆ ಅದೂ ಒಂದು ಅಕ್ಷರವೇ. ಅಂಟಿಸಿದ ಮೇಲೆ ಕರ್ಸರನ್ನು ಕೊನೆಗೆ ತಂದು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ: ಕಣ್ಣಿಗೆ ಏನೂ ಅಳಿಯದಿದ್ದರೆ ಖಾಲಿ ಜಾಗ ಇತ್ತು, ಈಗ ಹೋಯಿತು. ಅಕ್ಷರ ಅಳಿದರೆ ಮತ್ತೆ ಟೈಪ್ ಮಾಡಿ.

ವಿಡಿಯೊ ನೋಡಿ ಕೈಯಲ್ಲಿ ಟೈಪ್ ಮಾಡುವಾಗ ಸೊನ್ನೆಗೂ ಇಂಗ್ಲಿಷಿನ ಓಗೂ, ಒಂದಕ್ಕೂ ಐಗೂ, ಐದಕ್ಕೂ ಎಸ್‌ಗೂ, ಎಂಟಕ್ಕೂ ಬಿಗೂ ಅದಲುಬದಲು ಆಗುತ್ತದೆ. ಅನುಮಾನ ಬಂದ ಒಂದು ಅಕ್ಷರವನ್ನಷ್ಟೇ ಬದಲಿಸಿ ಇನ್ನೊಮ್ಮೆ ಪ್ರಯತ್ನಿಸಿ.

ನಮ್ಮವರಿಗೇ ಬರುವ ತೊಂದರೆ ಒಂದಿದೆ. ಕನ್ನಡ ಕೀಬೋರ್ಡ್ ಆನ್ ಆಗಿದ್ದಾಗ ಕೆಲವು ಫೋನುಗಳಲ್ಲಿ ಅಂಕಿಯ ಗುಂಡಿ ಒತ್ತಿದರೆ ೧, ೨, ೩ ಬರುತ್ತವೆ. ಓದಲು ಅದೇ ಅಂಕಿ, ಸರ್ವರಿಗೆ ಮಾತ್ರ ಗುರುತೇ ಸಿಗದ ಚಿಹ್ನೆ. ಕೋಡ್ ಹಾಕುವ ಮೊದಲು ಭೂಗೋಳದ ಗುರುತು ಒತ್ತಿ ಇಂಗ್ಲಿಷ್‌ಗೆ ಹೋಗಿ. ಆಟೊ ಕರೆಕ್ಟ್ ಇದ್ದರೆ ಅದೂ ಅಕ್ಷರ ತಿದ್ದುವ ಉತ್ಸಾಹ ತೋರಿಸುತ್ತದೆ, ಟೈಪ್ ಆದ ಮೇಲೆ ಒಮ್ಮೆ ಓದಿಕೊಳ್ಳಿ. ತುಮಕೂರು–ಬೆಂಗಳೂರು ರೈಲಿನಲ್ಲಿ ಸಿಗ್ನಲ್ ಬಂದು ಹೋಗುತ್ತಿರುವಾಗ ಕನ್ಫರ್ಮ್ ಒತ್ತಿ ಚಕ್ರ ತಿರುಗುತ್ತಾ ನಿಂತರೆ ಮತ್ತೆ ಮತ್ತೆ ಒತ್ತಬೇಡಿ. ಮೊದಲ ಒತ್ತಿಗೇ ಕೋಡ್ ಹತ್ತಿರಬಹುದು, ಎರಡನೆಯದಕ್ಕೆ ‘ಈಗಾಗಲೇ ಬಳಸಲಾಗಿದೆ’ ಅಂತ ಬಂದು ಗಾಬರಿಯಾಗುತ್ತದೆ. ಆಟದ ಮೇಲ್ ನೋಡಿ, ಅಲ್ಲಿರುತ್ತದೆ.

ಗಾಳ ಹಾಕಿ ಕೂತವರು

‘ಕೋಡ್ ಜನರೇಟರ್’ ಎಂಬುದು ಇಲ್ಲ. ಲೆಕ್ಕ ಹಾಕಿ: 26 ಅಕ್ಷರ, 10 ಅಂಕಿ ಸೇರಿ 36. ಅವುಗಳಿಂದ 12 ಸ್ಥಾನ ತುಂಬಿದರೆ ಆಗುವ ಕೋಡ್‌ಗಳ ಸಂಖ್ಯೆ 47 ಬರೆದು ಮುಂದೆ 17 ಸೊನ್ನೆ ಇಟ್ಟಷ್ಟು. ಸೆಕೆಂಡಿಗೊಂದರಂತೆ ಹಾಕಿ ನೋಡಿದರೆ ಎಲ್ಲ ಮುಗಿಯಲು ಸುಮಾರು 15,000 ಕೋಟಿ ವರ್ಷ. ಆ ಸೈಟುಗಳು ಪರದೆಯ ಮೇಲೆ ಅಂಕಿ ಓಡಿಸಿ, ಕೊನೆಗೆ ‘ನೀವು ಮನುಷ್ಯರೆಂದು ಸಾಬೀತುಪಡಿಸಿ’ ಅಂತ ಸರ್ವೆ ತುಂಬಿಸುತ್ತವೆ, ಆ್ಯಪ್ ಇಳಿಸುತ್ತವೆ. ಒಂದೊಂದಕ್ಕೂ ಅವರಿಗೆ ಕಮಿಷನ್. ಅದೇ ಅವರ ಹೊಟ್ಟೆಪಾಡು.

ನಕಲಿ ರಿಡೀಮ್ ಪುಟ ಇದಕ್ಕಿಂತ ಅಪಾಯ. ವಿಳಾಸವನ್ನು ಹಿಂದಿನಿಂದ ಓದುವುದು ಕಲಿಯಿರಿ. ಮೊದಲ ಒಂಟಿ ಓರೆಗೆರೆಯ (/) ಎಡಕ್ಕೆ ಏನಿದೆ ನೋಡಿ: ‘ಗರೇನಾ ಡಾಟ್ ಕಾಮ್’ ಅಂತಲೇ ಮುಗಿದರೆ ಸರಿ. ‘ಗರೇನಾ’ ಎಂಬ ಹೆಸರು ಮುಂದೆಲ್ಲೋ ಇದ್ದು, ಕೊನೆಗೆ ‘ರಿವಾರ್ಡ್ಸ್ ಡಾಟ್ ಎಕ್ಸ್‌ವೈಜೆಡ್’ ಥರದ್ದು ಇದ್ದರೆ ಮಾಲೀಕರು ಬೇರೆ. ಬೀಗದ ಗುರುತು ಇದೆ ಅಂತ ನಂಬಬೇಡಿ, ಕಳ್ಳರೂ ಬೀಗ ಹಾಕುತ್ತಾರೆ. ಲಾಗಿನ್ ಹೊತ್ತಿನಲ್ಲೂ ಒಂದು ಸುಳಿವು ಇರುತ್ತದೆ: ನಿಜವಾದ ಗೂಗಲ್ ಲಾಗಿನ್ ಫೋನಿನಲ್ಲಿ ಈಗಾಗಲೇ ಇರುವ ಖಾತೆಗಳನ್ನು ಸಾಮಾನ್ಯವಾಗಿ ಸಾಲಾಗಿ ತೋರಿಸಿ ಆರಿಸಿ ಅನ್ನುತ್ತದೆ. ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿಸುವ ಪುಟ ಕಂಡರೆ ಮೊದಲು ಮೇಲಿನ ವಿಳಾಸ ಓದಿ. ಓಟಿಪಿಯನ್ನು ಚಾಟ್‌ನಲ್ಲಿ ಕೇಳುವವರು ಯಾರೇ ಇರಲಿ, ಬ್ಲಾಕ್.

ಪ್ರೊಮೊ ಕೋಡ್‌ಗೆ ದುಡ್ಡಿಲ್ಲ. ‘50 ರೂಪಾಯಿ ಕಳಿಸಿ, 1,000 ಡೈಮಂಡ್ ಕೋಡ್ ಕೊಡುತ್ತೇನೆ’ ಅನ್ನುವ ಟೆಲಿಗ್ರಾಂ ಅಣ್ಣಂದಿರು 50 ತಗೊಂಡು ಮಾಯವಾಗುವುದಿಲ್ಲ, ‘ಪ್ರೊಸೆಸಿಂಗ್’ ಅಂತ ಇನ್ನೂ 200 ಕೇಳುತ್ತಾರೆ. ಯುಪಿಐನಲ್ಲಿ ದುಡ್ಡು ಬರಲು ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ಹೋಗುವುದೇ. ರಮ್ಮಿಯಂಥ ದುಡ್ಡಿನ ಆಟಗಳ ‘ಬೋನಸ್ ಕೋಡ್’ ಬಂದರೆ ಅದನ್ನು ಇಲ್ಲಿ ಹೇಳಿದ ಆಟದ ಕೋಡ್‌ಗಳ ಸಾಲಿಗೇ ಸೇರಿಸಬೇಡಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ.

ಮಕ್ಕಳ ಕೈಯಲ್ಲಿರುವುದು ಅಮ್ಮನ ಫೋನು, ಅದರಲ್ಲೇ ಅಮ್ಮನ ಯುಪಿಐ ಇದ್ದರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಬೇಕು ಅಂತ ಇಡಿ. ಕೋಡ್ ಹಾಕಲು ಇದು ಅಡ್ಡಿಯಲ್ಲ, ದುಡ್ಡು ಕೊಟ್ಟು ಕೊಳ್ಳುವ ‘ಟಾಪ್ ಅಪ್’ ಗುಂಡಿ ತಪ್ಪಿ ಒತ್ತಿದಾಗ ಕಾಪಾಡುತ್ತದೆ.

ಆದರೂ ದುಡ್ಡು ಹೋಯಿತು ಅನ್ನಿ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಗೂ ಹೋಗಬಹುದು. ಮನೆಯಲ್ಲಿ ಬೈಯುತ್ತಾರೆ ಅಂತ ಹುಡುಗರು ಎರಡು ದಿನ ಮುಚ್ಚಿಟ್ಟರೆ ಆ ಹಣ ಎಷ್ಟೋ ಖಾತೆ ದಾಟಿರುತ್ತದೆ.

ಹೋದದ್ದು ದುಡ್ಡಲ್ಲ, ಖಾತೆ ಅಂದರೆ ಕ್ರಮ ಹೀಗೆ. ಮೊದಲು ಲಿಂಕ್ ಆಗಿದ್ದ ಗೂಗಲ್ ಅಥವಾ ಫೇಸ್‌ಬುಕ್ ಪಾಸ್‌ವರ್ಡ್ ಬದಲಿಸಿ, ಸೆಕ್ಯೂರಿಟಿ ಪುಟದಲ್ಲಿ ಗುರುತಿಲ್ಲದ ಫೋನುಗಳನ್ನೆಲ್ಲ ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ಆಮೇಲೆ ಆಟದ ಕಂಪನಿಗೆ ಟಿಕೆಟ್ ಹಾಕಿ. ಅದರಲ್ಲಿ ಅಂಕಿಯ ಐಡಿ, ಖಾತೆ ಶುರುಮಾಡಿದ ಅಂದಾಜು ತಿಂಗಳು, ಬಳಸಿದ ಫೋನಿನ ಮಾದರಿ, ಎಂದಾದರೂ ಟಾಪ್ ಅಪ್ ಮಾಡಿದ್ದರೆ ಗೂಗಲ್ ಪ್ಲೇ ಕಳಿಸಿದ ಇಮೇಲ್ ರಸೀದಿಯ ಆರ್ಡರ್ ಸಂಖ್ಯೆ ಇರಲಿ. ಖಾತೆ ನಿಮ್ಮದೇ ಅನ್ನುವುದಕ್ಕೆ ಆ ರಸೀದಿಗಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ, ಆದ್ದರಿಂದ ಇನ್‌ಬಾಕ್ಸ್ ತುಂಬಿತೆಂದು ಆ ಇಮೇಲ್‌ಗಳನ್ನು ಅಳಿಸಬೇಡಿ.